ಪದಚರ್ಚೆ: ಡಿಜೆಯವರ ‘ಕೀ’ಗೆ ಏನನ್ನೋಣ? ‘ಪಕ್ಕದ ಮನೆ’ ಅಂದರೆ ಯಾವ ಮನೆ?

ಎಲ್ಲರಿಗೂ ನಮಸ್ಕಾರ,

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಆರತಕ್ಷತೆ, ಕಾಲೇಜ್ ಡೇ, ಹೋಮ್‌ಸ್ಟೇ ಪಾರ್ಟಿಗಳಿಗೆ ಡಿಜೆ ಮಾಡುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಬೀಟ್ ಕೂಡಿಸುವ ಭಾಗ ಮುಗಿಯಿತು. ಅಲ್ಲಿ ಪದಕ್ಕೆ ಬರ ಇರಲಿಲ್ಲ. ತಾಳ, ಲಯ, ಎತ್ತುಗಡೆ ಎಲ್ಲ ನಮ್ಮ ಹುಡುಗರ ಬಾಯಲ್ಲೇ ಇವೆ. ಈಗ ಮುಂದಿನ ಹಾಡನ್ನು ಕೀ (ಹಾಡಿನ ಆಧಾರ ಸ್ವರ ಮತ್ತು ಅದು ಬಳಸುವ ಸ್ವರಗಳ ಗುಂಪು) ನೋಡಿ ಆರಿಸುವ ಭಾಗಕ್ಕೆ ಬಂದಿದ್ದೇನೆ, ಇಲ್ಲಿ ಕೆಲವು ಪದಗಳು ಕೈಕೊಡುತ್ತಿವೆ. ಅದರಲ್ಲೂ ‘ಮನೆ’ ಅನ್ನುವ ಪದ. ಭಜನೆಗೆ ಹಾರ್ಮೋನಿಯಂ ನುಡಿಸುವವರು, ಸಂಗೀತ ಪಾಠ ಹೇಳುವವರು, ಯಕ್ಷಗಾನದ ಒಡನಾಟ ಇರುವವರು ಇಲ್ಲಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಡಿಜೆ ಒಂದು ಹಾಡು ಪೂರ್ತಿ ಮುಗಿಸಿ ಇನ್ನೊಂದು ಹಾಕುವುದಿಲ್ಲ. ಇದು ನಡೆಯುತ್ತಿರುವಾಗಲೇ ಅದನ್ನು ಮೆಲ್ಲಗೆ ಮೇಲೆ ತರುತ್ತಾನೆ. ಅಷ್ಟು ಹೊತ್ತು ಎರಡೂ ಒಟ್ಟಿಗೆ ಕೇಳುತ್ತವೆ. ಬೀಟ್ ಎಷ್ಟೇ ಚೆನ್ನಾಗಿ ಕೂತಿರಲಿ, ಸ್ವರಗಳು ಒಂದಕ್ಕೊಂದು ಸೇರದಿದ್ದರೆ ಜಾತ್ರೆಯಲ್ಲಿ ಎರಡು ಅಂಗಡಿಯ ಮೈಕು ಒಟ್ಟಿಗೆ ಕೂಗಿದ ಹಾಗಾಗುತ್ತದೆ. ಕುಣಿಯುವವರಿಗೆ ಕಾರಣ ಗೊತ್ತಾಗುವುದಿಲ್ಲ, ಏನೋ ಸರಿಯಿಲ್ಲ ಅಂತ ಮಾತ್ರ ಅನಿಸುತ್ತದೆ. ಆದ್ದರಿಂದ ಪ್ರತಿ ಹಾಡಿನ ಕೀ ಯಾವುದು ಅಂತ ಸಾಫ್ಟ್‌ವೇರ್‌ನಲ್ಲಿ ಮೊದಲೇ ತೆಗೆದಿಟ್ಟುಕೊಂಡು, ಅದಕ್ಕೆ ಹೊಂದುವ ಹಾಡನ್ನು ಮುಂದೆ ಹಾಕುತ್ತಾರೆ.

ಪಾಶ್ಚಾತ್ಯ ಲೆಕ್ಕದಲ್ಲಿ ಸ್ವರಗಳ ಗುಂಪು ಎರಡು ಬಗೆ, ಮೇಜರ್ ಮತ್ತು ಮೈನರ್. 12 ಮೇಜರ್, 12 ಮೈನರ್, ಒಟ್ಟು 24 ಕೀ. ಮಾರ್ಕ್ ಡೇವಿಸ್ ಅನ್ನುವವರು ಇವನ್ನೆಲ್ಲ ಡಿಜೆಗಳ ಅನುಕೂಲಕ್ಕೆ 1ರಿಂದ 12ರವರೆಗೆ ನಂಬರ್ ಕೊಟ್ಟು ಒಂದು ಚಕ್ರದಲ್ಲಿ ಕೂರಿಸಿದರು. ಅದಕ್ಕೆ ಕ್ಯಾಮೆಲಾಟ್ ಚಕ್ರ ಅಂತ ಹೆಸರು. ನಂಬರಿನ ಜೊತೆ ಬರುವ ಎ ಅಂದರೆ ಮೈನರ್, ಬಿ ಅಂದರೆ ಮೇಜರ್ (ಸ್ವರದ ಹೆಸರಿನ ಎ, ಬಿ ಬೇರೆ). ಎ ಮೈನರ್‌ಗೆ 8ಎ, ಸಿ ಮೇಜರ್‌ಗೆ 8ಬಿ. 8ಎ ಹಾಡು ನಡೆಯುತ್ತಿದ್ದರೆ ಮುಂದಿನದು 8ಎ ಆಗಬಹುದು, ಆಚೆಗಿನ 9ಎ, ಈಚೆಗಿನ 7ಎ ಅಥವಾ ಅದೇ ನಂಬರಿನ 8ಬಿ ಆಗಬಹುದು. 12 ಆದ ಮೇಲೆ ಮತ್ತೆ 1. ಇಷ್ಟೇ ನಿಯಮ. (ಟ್ರ್ಯಾಕ್ಟರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ನಂಬರ್ ಬೇರೆ, ಅಲ್ಲಿ ಎ ಮೈನರ್ ಅಂದರೆ 1ಎಂ. ಗದ್ದೆ ಉಳುವ ಟ್ರ್ಯಾಕ್ಟರ್ ಅಲ್ಲ ಮಾರಾಯ್ರೆ.)

ಈಗ ಪದಗಳಿಗೆ ಬರೋಣ.

ಕೀಗೆ ‘ಕೀಲಿ’ ಅನ್ನುವುದನ್ನು ಈಗಲೇ ಪಕ್ಕಕ್ಕೆ ಇಟ್ಟುಬಿಡೋಣ. ಮೊಬೈಲ್‌ನಲ್ಲಿ ಅನುವಾದ ಮಾಡಿಸಿದರೆ ‘ಕೀಲಿಯಲ್ಲಿ ಮಿಶ್ರಣ’ ಅಂತ ಬರುತ್ತದೆ, ಸಿಮೆಂಟ್ ಕೆಲಸ ಅನ್ನಿಸುತ್ತದೆ. ಮೇಲಾಗಿ ಹುಬ್ಬಳ್ಳಿ ಕಡೆ ಕೀಲಿ ಅಂದರೆ ಬೀಗ. ವೇಗ ಬದಲಾಯಿಸಿದರೂ ಕೀ ಬದಲಾಗದ ಹಾಗೆ ಹಿಡಿದಿಡುವ ಒಂದು ಬಟನ್ ಇರುತ್ತದೆ, ಅದಕ್ಕೆ ಕೀ ಲಾಕ್ ಅನ್ನುತ್ತಾರೆ. ಕೀಲಿ ಅಂತ ಶುರು ಮಾಡಿದರೆ ಅದು ‘ಬೀಗದ ಬೀಗ’ ಆಗುತ್ತದೆ! ‘ಸ್ಥಾಯಿ’ಯೂ ಆಗುವುದಿಲ್ಲ. ನಮ್ಮಲ್ಲಿ ಮಂದ್ರ, ಮಧ್ಯ, ತಾರ ಅನ್ನುವುದಕ್ಕೆ ಅದು ಆಗಲೇ ಬಳಕೆಯಲ್ಲಿದೆ.

ಉಳಿಯುವುದು ಶ್ರುತಿ. ‘ಶ್ರುತಿ ಸೇರ್ತಿಲ್ಲ’ ಅಂದರೆ ಸಂಗೀತ ಕಲಿಯದವರಿಗೂ ಅರ್ಥವಾಗುತ್ತದೆ, ಅಲ್ವಾ? ಆದರೆ ಶ್ರುತಿ ಅಂದರೆ ಷಡ್ಜ, ಅಂದರೆ ‘ಸ’, ಎಲ್ಲಿದೆ ಅನ್ನುವುದಷ್ಟೇ. ಅದು ಮೇಜರೋ ಮೈನರೋ ಅಂತ ಹೇಳುವುದಿಲ್ಲ. ಕೀ ಅನ್ನುವುದರಲ್ಲಿ ಎರಡೂ ಸೇರಿದೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ 8ಬಿ ಅಂದರೆ ಒಂದು ಮನೆ (ಹಾರ್ಮೋನಿಯಂ ಲೆಕ್ಕದ ಮನೆ, ಮುಂದೆ ಹೇಳುತ್ತೇನೆ) ಶ್ರುತಿಯಲ್ಲಿ ಶಂಕರಾಭರಣ, 8ಎ ಅಂದರೆ ಆರು ಮನೆ ಶ್ರುತಿಯಲ್ಲಿ ನಟಭೈರವಿ. ಶ್ರುತಿ ಒಂದು, ಮೇಳ (ಏಳು ಸ್ವರಗಳ ಗುಂಪು) ಒಂದು. ‘ಶ್ರುತಿಮೇಳ’ ಅಂತ ಜೋಡಿಸೋಣ ಅಂದರೆ ಮಲೆನಾಡಿನಲ್ಲಿ ಮೇಳ ಅಂದ ಕೂಡಲೇ ಯಕ್ಷಗಾನದ ಮಂದಾರ್ತಿ ಮೇಳ ಕಣ್ಣಿಗೆ ಬರುತ್ತದೆ. ‘ರಾಗ’ ಅಂದರೆ ಇನ್ನೂ ಜಾಸ್ತಿ ಹೇಳಿದ ಹಾಗಾಗುತ್ತದೆ. ಹಾಗಾಗಿ ನಾನು ಸುಮ್ನೆ ‘ಶ್ರುತಿ’ ಅಂತಲೇ ಇಟ್ಟು, ಮೊದಲ ಪುಟದಲ್ಲಿ ಇಲ್ಲಿ ಶ್ರುತಿ ಅಂದರೆ ಷಡ್ಜದ ಜೊತೆ ಸ್ವರಗಳ ಗುಂಪೂ ಸೇರಿದೆ ಅಂತ ಬರೆಯೋಣ ಅಂದುಕೊಂಡಿದ್ದೇನೆ. ಸಂಗೀತದವರಿಗೆ ಇದು ಕಿರಿಕಿರಿ ಆಗುತ್ತದಾ?

ಇನ್ನು ಇಡೀ ಕೆಲಸಕ್ಕೆ. ‘ಶ್ರುತಿ ಕೂಡಿಸಿ ಮಿಕ್ಸ್ ಮಾಡುವುದು’ ಅಂತ ಒಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಶ್ರುತಿ ಕೂಡಿಸುವುದು ಅಂದರೆ ತಂತಿ ಬಿಗಿಮಾಡಿಯೋ, ಮದ್ದಳೆ ಬಡಿದೋ ಸರಿಮಾಡುವುದು. ಡಿಜೆ ಇಲ್ಲಿ ಹಾಡನ್ನು ಸರಿಮಾಡುತ್ತಿಲ್ಲ, ಇರುವುದರಲ್ಲಿ ಹೊಂದುವುದನ್ನು ಹುಡುಕುತ್ತಿದ್ದಾನೆ. ‘ಶ್ರುತಿ ನೋಡಿ ಹಾಡು ಹಾಕೋದು’ ಅನ್ನುವುದು ನನಗೆ ಇಷ್ಟ. ಗಂಡು ಹೆಣ್ಣಿಗೆ ಜಾತಕ ನೋಡ್ತಾರಲ್ಲ ಅದೇ ‘ನೋಡಿ’. ಹಾಡಿನ ಕೀಯನ್ನೇ ಮೇಲೆ ಕೆಳಗೆ ಮಾಡುವ ಸೌಲಭ್ಯವೂ ಈಗ ಇದೆ, ಅದಕ್ಕೆ ಬೇಕಾದರೆ ‘ಶ್ರುತಿ ಏರಿಸು, ಇಳಿಸು’ ಅನ್ನಬಹುದು.

ಈಗ ನನ್ನ ನಿಜವಾದ ತಲೆನೋವು. ಚಕ್ರದಲ್ಲಿ ಇರುವ 12 ಜಾಗಗಳಿಗೆ ಹುಡುಗರು ತಾವಾಗಿಯೇ ‘ಮನೆ’ ಅನ್ನಲು ಶುರು ಮಾಡಿದ್ದಾರೆ. ಕುಂಡಲಿಯಲ್ಲಿ 12 ಮನೆ, ಪಗಡೆ ಹಾಸಿನಲ್ಲಿ ಮನೆ, ಚೆನ್ನೆಮಣೆಯಲ್ಲೂ ಮನೆ. ‘ಅದೇ ಮನೇಲಿರು, ಇಲ್ಲಾ ಪಕ್ಕದ ಮನೆಗೆ ಹೋಗು’ ಅಂತ ಹೇಳಿದರೆ ಹತ್ತನೇ ಕ್ಲಾಸಿನ ಹುಡುಗನಿಗೂ ನಿಯಮ ಪೂರ್ತಿ ತಲೆಗೆ ಹೋಗುತ್ತದೆ. ಇದಕ್ಕಿಂತ ಚೆಂದದ ಪದ ನಾನು ಹುಡುಕಿದರೂ ಸಿಗುವುದಿಲ್ಲ.

ಆದರೆ ನಮ್ಮ ಸಂಗೀತದವರಿಗೆ ಮನೆ ಆಗಲೇ ಬೇರೆ. ಹಾರ್ಮೋನಿಯಂ ಮುಂದೆ ಕೂತವರು ‘ಎಷ್ಟು ಮನೆ?’ ಅಂತ ಕೇಳುತ್ತಾರೆ, ಹಾಡುವವರು ‘ಐದೂವರೆ’ ಅನ್ನುತ್ತಾರೆ. ಒಂದು ಮನೆ ಅಂದರೆ ಸಿ, ಒಂದೂವರೆ ಅಂದರೆ ಸಿ ಶಾರ್ಪ್, ಎರಡು ಅಂದರೆ ಡಿ, ಹೀಗೆ. ಕೆಲವರು ಬಿಳಿ ಕಪ್ಪು ಲೆಕ್ಕದಲ್ಲಿ ಹೇಳುತ್ತಾರೆ, ಬಿಳಿ ಒಂದು, ಕಪ್ಪು ಒಂದು ಅಂತ. ಈ ಲೆಕ್ಕದಲ್ಲಿ 8ಎ ಹಾಡಿನ ಷಡ್ಜ ಆರನೇ ಮನೆಯಲ್ಲಿದೆ. ಹಾರ್ಮೋನಿಯಂನಲ್ಲಿ ಅದರ ಅಕ್ಕಪಕ್ಕ ಇರುವುದು ಐದೂವರೆ ಮತ್ತು ಆರೂವರೆ. ಚಕ್ರದಲ್ಲಿ ಅವು 1ಎ ಮತ್ತು 3ಎ, ಎಲ್ಲೋ ಆಚೆ ದಡದಲ್ಲಿವೆ. ಎ ಮೈನರ್‌ನ ಏಳು ಸ್ವರದಲ್ಲಿ ಆರೂವರೆಯ ಮೈನರ್‌ಗೆ ಸೇರುವುದು ಎರಡೇ ಎರಡು, ಸಿ ಮತ್ತು ಎಫ್. ಉಳಿದ ಐದೂ ಒಂದಕ್ಕೊಂದು ಉಜ್ಜುತ್ತವೆ. ಅದೇ ಚಕ್ರದ ಪಕ್ಕದ ಮನೆ 9ಎ ತೆಗೆದುಕೊಳ್ಳಿ. ಅದು ಇ ಮೈನರ್, ಹಾರ್ಮೋನಿಯಂನಲ್ಲಿ ಮೂರನೇ ಮನೆ. ಏಳರಲ್ಲಿ ಆರು ಸ್ವರ ಒಂದೇ, ಎಫ್ ಬದಲು ಎಫ್ ಶಾರ್ಪ್ ಇಷ್ಟೇ ವ್ಯತ್ಯಾಸ. ಅಂದರೆ ಭಜನೆ ಮಂಡಳಿಯಲ್ಲಿ ಬೆಳೆದ ಹುಡುಗ ‘ಪಕ್ಕದ ಮನೆ’ ಅಂತ ಓದಿ, ಹಾರ್ಮೋನಿಯಂ ನೆನಪಿಸಿಕೊಂಡು, ಇರುವುದರಲ್ಲೇ ಅತಿ ಕೆಟ್ಟ ಜೋಡಿ ಆರಿಸಿಕೊಳ್ಳುತ್ತಾನೆ. ನಮ್ಮ ಕಡೆ ಭಜನೆ ಗೊತ್ತಿಲ್ಲದ ಡಿಜೆ ಹುಡುಗರು ಕಡಿಮೆ, ಆದ್ದರಿಂದ ಇದು ಬರೀ ಪಂಡಿತರ ತಕರಾರು ಅಲ್ಲ.

(‘ಅರ್ಧ ಮನೆ’ ಅನ್ನುವುದೂ ನೆಟ್ಟಗಿಲ್ಲ. ಮೂರರಿಂದ ನಾಲ್ಕಕ್ಕೆ, ಏಳರಿಂದ ಮೇಲಿನ ಒಂದಕ್ಕೆ ನಡುವೆ ಕಪ್ಪು ಇಲ್ಲ. ಹೆಸರಿಗೆ ಒಂದು ಮನೆ, ದೂರ ಮಾತ್ರ ಅರ್ಧವೇ. ಕೀ ಲಾಕ್ ಇಲ್ಲದೆ ಹಾಡಿನ ವೇಗ ಸುಮಾರು 6 ಶೇಕಡಾ ಏರಿಸಿದರೆ ಶ್ರುತಿ ಒಂದು ಸೆಮಿಟೋನ್‌ನಷ್ಟು, ಅಂದರೆ ಹಾರ್ಮೋನಿಯಂನಲ್ಲಿ ಒಂದರಿಂದ ಒಂದೂವರೆಗೆ ಇರುವಷ್ಟು, ಏರುತ್ತದೆ. ಇದನ್ನು ಬರೆಯುವಾಗ ಅರ್ಧ ಮನೆ ಅನ್ನಲೋ ಬೇಡವೋ ಅಂತ ನಿಂತಿದ್ದೇನೆ.)

ದಾರಿ ಹುಡುಕುವಾಗ ನಮ್ಮಲ್ಲೇ ಹಳೆಯ ಪದಗಳು ಇರುವುದು ನೆನಪಾಯಿತು. ನಾಟ್ಯಶಾಸ್ತ್ರದಲ್ಲೇ ವಾದಿ, ಸಂವಾದಿ, ಅನುವಾದಿ, ವಿವಾದಿ ಅಂತ ನಾಲ್ಕು ಬಗೆ ಇದೆ. ಸಂವಾದಿ ಅಂದರೆ 9 ಅಥವಾ 13 ಶ್ರುತಿ (ಇಲ್ಲಿ ಶ್ರುತಿ ಅಂದರೆ ಸ್ವರಗಳ ನಡುವಿನ ದೂರದ ಅಳತೆ) ದೂರದ ಸ್ವರ, ಅಂದರೆ ಷಡ್ಜಕ್ಕೆ ಮಧ್ಯಮ ಮತ್ತು ಪಂಚಮ. ಚಕ್ರದಲ್ಲಿ ಒಂದು ಹೆಜ್ಜೆ ಮುಂದೆ ಹೋದರೆ ಪಂಚಮ, ಹಿಂದೆ ಬಂದರೆ ಮಧ್ಯಮ. 8ರ ‘ಪ’ 9, 8ರ ‘ಮ’ 7. ಇಡೀ ಚಕ್ರ ನಿಂತಿರುವುದೇ ಇದರ ಮೇಲೆ. ಹಾಗಾದರೆ ‘ಪಕ್ಕದ ಮನೆ’ಗೆ ‘ಸಂವಾದಿ’ ಅಂದರೆ ತಪ್ಪೇನಿಲ್ಲ, ‘ಮುಂದಿನ ಹಾಡು ಸಂವಾದಿ ಶ್ರುತಿಯಲ್ಲಿರಲಿ’ ಅಂತ. ತೊಂದರೆ ಏನೆಂದರೆ ಸಂವಾದ ಅಂದರೆ ಈಗ ಟೀವಿ ಚರ್ಚೆ, ವಿವಾದ ಅಂದರೆ ಪೇಪರ್ ಸುದ್ದಿ. ಕರ್ನಾಟಕ ಸಂಗೀತದಲ್ಲೂ 72 ಮೇಳಕರ್ತಗಳಲ್ಲಿ 40ನ್ನು ವಿವಾದಿ ಮೇಳ ಅನ್ನುತ್ತಾರೆ, ಅಲ್ಲಿ ವಿಷಯವೇ ಬೇರೆ.

ಅದಕ್ಕಿಂತ ನನಗೆ ಹಿಡಿಸಿದ್ದು ‘ಮಧ್ಯಮ ಶ್ರುತಿ’. ಇದು ಕಚೇರಿಯಲ್ಲಿ ಇವತ್ತಿಗೂ ಇರುವ ಮಾತು. ಪುನ್ನಾಗವರಾಳಿ, ಕುರಂಜಿಯಂಥ ರಾಗಗಳನ್ನು ಮಧ್ಯಮವನ್ನೇ ಷಡ್ಜ ಮಾಡಿಕೊಂಡು ಹಾಡುತ್ತಾರೆ, ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಳ್ಳುತ್ತಾರೆ. 8ಎಯಿಂದ 7ಎಗೆ ಹೋಗುವಾಗ ಆಗುವುದೂ ಅದೇ ಮಧ್ಯಮಕ್ಕೆ ಷಡ್ಜ ಹೋಗುವುದು. ‘ಮಧ್ಯಮಕ್ಕೆ ಹೋಗು, ಪಂಚಮಕ್ಕೆ ಹೋಗು’ ಅಂತ ಬರೆದರೆ ಹಾರ್ಮೋನಿಯಂ ಹುಡುಗನಿಗೂ ದಾರಿ ತಪ್ಪುವುದಿಲ್ಲ. ಹಾಗೆಯೇ 8ಎಯಿಂದ 8ಬಿಗೆ ಹೋಗುವುದನ್ನು ‘ಗ್ರಹಭೇದ’ ಅನ್ನಬಹುದು. ಶಂಕರಾಭರಣದ ‘ದ’ವನ್ನು ಷಡ್ಜ ಮಾಡಿಕೊಂಡರೆ ನಟಭೈರವಿ ಬರುತ್ತದೆ, ಸ್ವರಗಳು ಅವೇ. ಪದ ಸ್ವಲ್ಪ ಭಾರ, ಆದರೆ ಸರಿಯಾಗಿ ಕೂರುತ್ತದೆ. ಸೆಟ್‌ಗೆ ಜೋಶ್ ತರಲು ಬೇಕೆಂದೇ 2 ನಂಬರ್ ಅಥವಾ 7 ನಂಬರ್ ಹಾರುವುದು ಇದೆ, 8ಎಯಿಂದ 10ಎಗೆ ಅಥವಾ 3ಎಗೆ. ಈ 3ಎ ಮೇಲೆ ಹೇಳಿದ ಆರೂವರೆಯೇ, ಸೆಮಿಟೋನ್ ಜಿಗಿತ. ಅಲ್ಲಿ ಎರಡು ಹಾಡನ್ನು ಒಂದರ ಮೇಲೊಂದು ಎಳೆಯುವುದಿಲ್ಲ, ಬರೀ ಬೀಟ್ ಇರುವ ಜಾಗದಲ್ಲಿ ಚಕ್ಕನೆ ದಾಟಬೇಕು. ಇದಕ್ಕೆ ಹುಡುಗರು ‘ಏರ್ಸೋದು’ ಅನ್ನುತ್ತಾರೆ. ಚೆನ್ನಾಗಿಯೇ ಇದೆ, ನಾನು ಕೈ ಹಚ್ಚುವುದಿಲ್ಲ.

ಇನ್ನೊಂದು ಮಾತು ಕೈಪಿಡಿಯಲ್ಲಿ ಬರಲೇಬೇಕು, ಅದಕ್ಕೂ ಪದ ಬೇಕು. ಸಾಫ್ಟ್‌ವೇರ್‌ಗೆ ಗೊತ್ತಿರುವುದು 24 ಡಬ್ಬಿ ಮಾತ್ರ. ಡೊಳ್ಳಿನ ಟ್ರ್ಯಾಕ್ ಕೊಟ್ಟರೂ ಯಾವುದೋ ಒಂದು ನಂಬರ್ ತೋರಿಸುತ್ತದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಆರಗದವರು ಅಂತ ಇಲ್ಲಿಯವರು ಹೆಮ್ಮೆಪಡುವ ಪುರಂದರದಾಸರು ಮಕ್ಕಳ ಪಾಠಕ್ಕೆ ಹಾಕಿಕೊಟ್ಟ ಮಾಯಾಮಾಳವಗೌಳ ಮೇಜರ್ರೂ ಅಲ್ಲ ಮೈನರ್ರೂ ಅಲ್ಲ, ಅದನ್ನೂ ಒಂದು ಡಬ್ಬಿಗೆ ತುರುಕುತ್ತದೆ. ಮೋಹನದಂಥ ಐದು ಸ್ವರದ ಧಾಟಿ ಇದ್ದರೆ ಇನ್ನೂ ಮಜ. ಒಂದು ಮನೆ ಶ್ರುತಿಯ ಮೋಹನಕ್ಕೆ 7ಬಿ, 8ಬಿ, 9ಬಿ ಮೂರರಲ್ಲೂ ಜಾಗ ಇದೆ, ಎಲ್ಲೂ ಸ್ವರ ಉಜ್ಜುವುದಿಲ್ಲ. ಕೊನೆಯ ಚರಣದಲ್ಲಿ ಶ್ರುತಿ ಏರಿಸುವ ಸಿನಿಮಾ ಹಾಡಿಗೆ ಸಾಫ್ಟ್‌ವೇರ್ ಸಾಮಾನ್ಯವಾಗಿ ಒಂದೇ ನಂಬರ್ ಹಚ್ಚುತ್ತದೆ, ನಾವು ದಾಟಬೇಕಾದ್ದು ಕೊನೆಯಲ್ಲಿ. ಹಾಗಾಗಿ ನಂಬರ್ ನೋಡಿದ ಮೇಲೂ ಹೆಡ್‌ಫೋನಿನಲ್ಲಿ ಕೇಳಿ ನೋಡಲೇಬೇಕು. ಈ ಕೇಳಿ ನೋಡುವುದಕ್ಕೆ ಕ್ಯೂ ಅನ್ನುತ್ತಾರೆ. ಹಾಡುಗಳು ಸಾಲಾಗಿ ಕಾಯುವುದಕ್ಕೂ ಕ್ಯೂ ಅನ್ನುತ್ತಾರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಎರಡನೆಯದಕ್ಕೆ ‘ಸಾಲು’ ಅಂತ ಮಾಡಿದ್ದೇನೆ, ಮೊದಲನೆಯದನ್ನು ಕ್ಯೂ ಅಂತಲೇ ಬಿಟ್ಟಿದ್ದೇನೆ.

‘ಡಿಜೆ’ ಪದದ್ದೂ ಹೀಗೇ ಒಂದು ಗೋಳು. ಗಣಪತಿ ಹಬ್ಬ ಬಂದರೆ ನಮ್ಮಲ್ಲಿ ಡಿಜೆ ಅಂದರೆ ಮನುಷ್ಯ ಅಲ್ಲ, ಲಾರಿ ಮೇಲಿನ ಸೌಂಡ್ ಬಾಕ್ಸ್. ‘ಡಿಜೆ ತರಿಸಿದ್ದಾರೆ’, ‘ಡಿಜೆಗೆ ಪರ್ಮಿಶನ್ ಇಲ್ಲ’ ಅಂತೆಲ್ಲ. ಹಾಡು ಹಾಕುವವನಿಗೆ ಹಲವು ಕಡೆ ಆಪರೇಟರ್ ಅನ್ನುವುದೂ ಇದೆ. ಅದನ್ನು ಬೇರೆ ಪತ್ರದಲ್ಲಿ ಕೇಳುತ್ತೇನೆ, ಇದೇ ಉದ್ದವಾಯಿತು.

ನನಗೆ ಈಗ ಬೇಕಿರುವುದು ಇಷ್ಟು. ಚಕ್ರದ ಜಾಗಕ್ಕೆ ‘ಮನೆ’ ಬಿಟ್ಟು ‘ಅಂಕಣ’ ಅಂದರೆ ಹೇಗೆ? ಮಲೆನಾಡಿನ ಹಳೇ ಮನೆಗಳಲ್ಲಿ ಕಂಬದಿಂದ ಕಂಬಕ್ಕೆ ಅಂಕಣ ಅನ್ನುತ್ತಾರೆ, ‘ಪಕ್ಕದ ಅಂಕಣ’ ಅಂದರೆ ಹಾರ್ಮೋನಿಯಂ ಯಾರಿಗೂ ನೆನಪಾಗುವುದಿಲ್ಲ. ಆದರೆ ಶಿವಮೊಗ್ಗ ಪೇಟೆಯ ಹುಡುಗರಿಗೆ ಅಂಕಣ ಅಂದರೆ ಪೇಪರ್‌ನಲ್ಲಿ ಬರುವ ಅಂಕಣವೇ ಆಗಿಬಿಟ್ಟಿರಬಹುದು. ನಿಮ್ಮ ಊರಲ್ಲಿ ಹೇಗೆ ಹೇಳಿ. ಇನ್ನು ಯಕ್ಷಗಾನದವರಲ್ಲಿ ಒಂದು ಪ್ರಶ್ನೆ. ಭಾಗವತರು ಬದಲಾಗಿ ಶ್ರುತಿಯೂ ಬದಲಾಗುವಾಗ ಚೆಂಡೆ ಮದ್ದಳೆಯವರು ತಮ್ಮೊಳಗೆ ಏನಂತ ಮಾತಾಡಿಕೊಳ್ಳುತ್ತಾರೆ, ಮನೆ ಅಂತಲೋ, ಬಿಳಿ ಕಪ್ಪು ಅಂತಲೋ, ಬೇರೆ ಯಾವುದಾದರೂ ಪದ ಇದೆಯೋ? ಚೌತಿ ಸೀಸನ್ ಶುರುವಾದರೆ ಹುಡುಗರು ಕೈಗೆ ಸಿಗುವುದಿಲ್ಲ, ಅಷ್ಟರೊಳಗೆ ಪ್ರಿಂಟಿಗೆ ಕೊಡಬೇಕು. ಸ್ವಲ್ಪ ಬೇಗ ಉತ್ತರಿಸಿ.