ಉಬುಂಟು ಐಎಸ್ಒ ಡೌನ್‌ಲೋಡ್: "ವಿಫಲ" ಬಿಟ್ಟು ಬೇರೇನೂ ಹೇಳ್ತಿಲ್ಲ

ಲ್ಯಾಬ್_ಮೇಷ್ಟ್ರು: ಸಾಕಾಗಿ ಹೋಗಿದೆ. ಶಾಲೆಯ ಹಳೇ ಲ್ಯಾಪ್‌ಟಾಪ್‌ಗಳಿಗೆ ಉಬುಂಟು 24.04 (ಲಿನಕ್ಸ್ ಓಎಸ್) ಹಾಕಬೇಕು, ಅದರ ಐಎಸ್ಒ ಅಂದ್ರೆ ಇನ್‌ಸ್ಟಾಲ್ ಮಾಡೋ ಫೈಲು ಇಳಿಸ್ತಿದ್ದೀನಿ. ಕರ್ಲ್ ಅನ್ನೋ ಡೌನ್‌ಲೋಡ್ ಕಮಾಂಡ್ ಬಳಸಿ ನಾನೇ ಬರೆದ ಪುಟ್ಟ ಸ್ಕ್ರಿಪ್ಟ್ ರಾತ್ರಿ ಓಡಿಸಿ ಮಲಗ್ತೀನಿ, ಬೆಳಿಗ್ಗೆ ನೋಡಿದರೆ "ಡೌನ್‌ಲೋಡ್ ವಿಫಲವಾಗಿದೆ". ಮೂರು ರಾತ್ರಿಯಿಂದ ಇದೇ ಗೋಳು. ಹಾಟ್‌ಸ್ಪಾಟ್ ಡೇಟಾ ಎಲ್ಲ ನೀರುಪಾಲು.

ಕರಾವಳಿ_ಟಕ್ಸ್: ಡಿಎನ್ಎಸ್ (ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ನೋಡಿ ಮಾರಾಯ್ರೆ. ಹಾಟ್‌ಸ್ಪಾಟ್‌ನಲ್ಲಿ ಕೈಕೊಡುವುದೇ ಅದು. 1.1.1.1 ಹಾಕಿ.

ಲ್ಯಾಬ್_ಮೇಷ್ಟ್ರು: ಹಾಕಿದೆ. ಮತ್ತೆ ವಿಫಲ.

ಕರಾವಳಿ_ಟಕ್ಸ್: ಹಾಗಾದ್ರೆ 8.8.8.8. ಕ್ಯಾಶ್ ಕೂಡ ಖಾಲಿ ಮಾಡಿ.

ಬಯಲುಸೀಮೆ: ಡಿಎನ್ಎಸ್ ಕೆಟ್ಟಿದ್ರೆ ಶುರುವೇ ಆಗ್ತಿರಲಿಲ್ಲ, ಕರ್ಲ್ ತಪ್ಪಿನ ಕೋಡ್ 6 ಕೊಟ್ಟು ಅಲ್ಲೇ ನಿಲ್ತಿತ್ತು. ಸರ್, ಸ್ಕ್ರಿಪ್ಟಲ್ಲಿ ಏನಿದೆ?

ಲ್ಯಾಬ್_ಮೇಷ್ಟ್ರು: ಒಂದೇ ಸಾಲು. ಕರ್ಲ್ ಮೈನಸ್ ಎಸ್, ಮೈನಸ್ ಓ, ಲಿಂಕು. ಕೆಟ್ಟರೆ "ವಿಫಲ" ಅಂತ ಸ್ಕ್ರೀನಲ್ಲಿ ತೋರಿಸೋ ಎಕೋ.

ಬಯಲುಸೀಮೆ: ಆ ಸಣ್ಣ ಎಸ್ ಕರ್ಲ್ ಬಾಯಿಗೆ ಬೀಗ ಹಾಕಿಬಿಡುತ್ತೆ. ಪಕ್ಕದಲ್ಲಿ ದೊಡ್ಡ ಎಸ್ ಸೇರಿಸಿ, ತಪ್ಪಾದಾಗ ಬಾಯಿ ಬಿಡುತ್ತೆ. ಮೈನಸ್ ಎಫ್ ಕೂಡ ಬೇಕು. ಇಲ್ಲದಿದ್ರೆ ಸರ್ವರ್ 404 (ಫೈಲ್ ಸಿಗಲಿಲ್ಲ) ಪುಟ ಕಳಿಸಿದರೂ ಅದನ್ನೇ ಐಎಸ್ಒ ಹೆಸರಲ್ಲಿ ಉಳಿಸಿ ಸುಮ್ಮನಾಗುತ್ತೆ.

ಸರ್ವರ್_ಪ್ರಿಯ: ನಮ್ಮನೇಲಿ ನಾಲ್ಕು ಡಿಸ್ಕಿನ ನ್ಯಾಸ್ ಸ್ಟೋರೇಜ್, ಯುಪಿಎಸ್, ಫೈಬರ್ ಇದೆ. ಐಎಸ್ಒ ಎಲ್ಲ ಟೊರೆಂಟಲ್ಲೇ. ಈ ತಲೆನೋವೇ ಇಲ್ಲ.

ನುಡಿಗಣಕ: "ವಿಫಲವಾಗಿದೆ" ಯಾರ ಬಾಯಲ್ಲೂ ಇಲ್ಲದ ಮಾತು. "ಇಳಿಸಲಾಗಲಿಲ್ಲ" ಅನ್ನಿ.

ಸರ್ವರ್_ಪ್ರಿಯ: "ಇಳಿಸು" ಮಾತ್ರ ಯಾರ ಬಾಯಲ್ಲಿದೆ? ಡೌನ್‌ಲೋಡ್ ಅಂದ್ರೆ ಹಳ್ಳೀಲೂ ಗೊತ್ತು.

ಬಯಲುಸೀಮೆ: ಪದ ಯಾವುದಾದರೂ ಇರಲಿ, ಮೊದಲು ಕಾರಣ ಹೇಳಬೇಕು.

ಲ್ಯಾಬ್_ಮೇಷ್ಟ್ರು: ದೊಡ್ಡ ಎಸ್ ಹಾಕಿ ಓಡಿಸಿದೆ, ಕೋಡ್ 23 ಬಂತು. ಫೈಲ್ ಸೈಜು 4294967295 ಬೈಟ್.

ಬಯಲುಸೀಮೆ: 23 ಅಂದ್ರೆ ನೆಟ್ ತಪ್ಪಲ್ಲ, ಬಂದದ್ದನ್ನ ಬರೆಯೋಕಾಗ್ತಿಲ್ಲ. ಆ ಸೈಜು 4 ಜಿಬಿಗೆ ಸರಿಯಾಗಿ ಒಂದು ಬೈಟ್ ಕಡಿಮೆ. ಎಲ್ಲಿಗೆ ಉಳಿಸ್ತಿದ್ದೀರಿ?

ಲ್ಯಾಬ್_ಮೇಷ್ಟ್ರು: ನೇರ ಪೆನ್‌ಡ್ರೈವ್‌ಗೆ. 32 ಜಿಬಿಯದ್ದು, ಪೂರ್ತಿ ಖಾಲಿ. ಅದಕ್ಕೇ ಹೇಳಲಿಲ್ಲ.

ಬಯಲುಸೀಮೆ: ಅದು ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟ್‌ನಲ್ಲಿ ಇರುತ್ತೆ. ಜಾಗ ಎಷ್ಟಿದ್ದರೂ ಅದರಲ್ಲಿ ಒಂದು ಫೈಲ್ ಅಷ್ಟಕ್ಕಿಂತ ಬೆಳೆಯಲ್ಲ. ನಿಮ್ಮ ಐಎಸ್ಒ 5 ಜಿಬಿ ದಾಟುತ್ತೆ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಇಲ್ಲ ಲ್ಯಾಪ್‌ಟಾಪ್ ಡಿಸ್ಕಿಗೇ ಇಳಿಸಿ.

ಲ್ಯಾಬ್_ಮೇಷ್ಟ್ರು: ಡಿಸ್ಕಿಗೆ ಹಾಕಿದೆ, ಬಂತು! ಫೈಲ್ ಪೂರ್ತಿ ಸರಿಯಿದೆಯಾ ನೋಡೋ ಚೆಕ್‌ಸಮ್ಮೂ ತಾಳೆಯಾಯ್ತು. ಸ್ಕ್ರಿಪ್ಟನ್ನೂ ತಿದ್ದಿದೆ. 6 ಬಂದರೆ "ಸರ್ವರ್ ಸಿಗಲಿಲ್ಲ, ನೆಟ್ ಇದೆಯಾ ನೋಡಿ". 22 ಬಂದರೆ "ಸರ್ವರ್ ಫೈಲ್ ಕೊಡಲಿಲ್ಲ, ಲಿಂಕ್ ಸರಿಯಿದೆಯಾ ನೋಡಿ". 23 ಬಂದರೆ "ಫೈಲ್ ಬರೆಯಲಾಗಲಿಲ್ಲ. ಡಿಸ್ಕ್ ತುಂಬಿದೆಯಾ, ಪೆನ್‌ಡ್ರೈವ್ ಫ್ಯಾಟ್32 ಇದೆಯಾ ನೋಡಿ". ನಾನಿಲ್ಲದ ದಿನ ಹತ್ತನೇ ಕ್ಲಾಸಿನ ಮಕ್ಕಳೇ ಓಡಿಸೋದು, ಅವರಿಗೆ ತಿಳಿಯಬೇಕು.

ನುಡಿಗಣಕ: "ಬರೆಯಲಾಗಲಿಲ್ಲ" ಬೇಡ, "ಉಳಿಸಲಾಗಲಿಲ್ಲ" ಮಾಡಿ. ಮಕ್ಕಳು ಬರೆಯೋದು ಅಂದ್ರೆ ನೋಟ್‌ಬುಕ್ ಅಂದ್ಕೋತಾರೆ.

ಬಯಲುಸೀಮೆ: ಇದನ್ನ ಒಪ್ತೀನಿ. ಯಾವ ಫೋಲ್ಡರಿಗೆ ಉಳಿಸ್ತಿತ್ತು, ಎಷ್ಟು ಬೈಟ್ ಬಂದಿತ್ತು ಅನ್ನೋದನ್ನೂ ತೋರಿಸಿ. ಕೋಡ್ ನಂಬರ್ ತೆಗೀಬೇಡಿ, ಮಕ್ಕಳು ನಿಮಗೆ ಫೋನಲ್ಲಿ ಓದಿ ಹೇಳಬಹುದು.

ಕರಾವಳಿ_ಟಕ್ಸ್: ದೊಡ್ಡ ಎಸ್ ನಾನೂ ಹಾಕಿ ನೋಡಿದೆ. ನನ್ನದರಲ್ಲಿ 56 ಬರ್ತದೆ, ಪ್ರತಿ ಸಲ 2 ಜಿಬಿ ಹತ್ತಿರ. ಡಿಎನ್ಎಸ್ ಬದಲಿಸಿಯೂ ಆಯ್ತು. ಇದು ಯಾವ ಕಡೆಯ ತೊಂದರೆ ಮಾರಾಯ್ರೆ?