ಅಪ್‌ಡೇಟ್: ಎಂಪಿ3ಯಲ್ಲಿ ಕಿವಿಗೆ ಕೇಳುವ ವಿಕೃತಿಯನ್ನು ಅಳೆಯುವ ಪ್ರಯತ್ನ

ಮೃದಂಗದ ಧ್ವನಿಮುದ್ರಣವೊಂದನ್ನು 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ದರದ ಎಂಪಿ3ಗೆ ಇಳಿಸಿದಾಗ ಆಗುವ ಹಾನಿಯನ್ನು, ಮೂಲದಿಂದ ಎಂಪಿ3ಯನ್ನು ಕಳೆದು ಉಳಿಯುವ ಶಬ್ದದ ಮಟ್ಟದಿಂದಲೇ ಅಳೆಯಬಹುದೇ ಎಂದು ನಾನು ಕೇಳಿದ್ದೆ. ನೀವು ಸೂಚಿಸಿದಂತೆ ಪರೀಕ್ಷಿಸಿದ್ದೇನೆ. ಹಾಗೆ ಅಳೆಯಲಾಗದು ಎಂಬುದು ಈಗ ಮನವರಿಕೆಯಾಗಿದೆ.

ನನ್ನ ಮೊದಲ ಲೆಕ್ಕವೇ ತಪ್ಪಾಗಿತ್ತು. ಎನ್‌ಕೋಡರ್ ಮತ್ತು ಡಿಕೋಡರ್‌ಗಳಿಂದ (ಎಂಪಿ3ಗೆ ಇಳಿಸುವ ಮತ್ತು ಅದನ್ನು ಮತ್ತೆ ಧ್ವನಿಯಾಗಿಸುವ ತಂತ್ರಾಂಶಗಳಿಂದ) ಉಂಟಾಗುವ ವಿಳಂಬವನ್ನು ಸರಿಹೊಂದಿಸದೆ ಕಳೆದಿದ್ದೆ. ಸರಿಪಡಿಸಿದ ಬಳಿಕವೂ ತಂಬೂರಿಯ ಭಾಗದಲ್ಲಿ ಉಳಿಕೆ ಶಬ್ದ ಸಾಕಷ್ಟಿತ್ತು, ಆದರೆ ಶ್ರುತಿಯ ನಾದವೇ ಅದನ್ನು ಮರೆಮಾಚುವುದರಿಂದ ವ್ಯತ್ಯಾಸ ಕೇಳಿಸಲಿಲ್ಲ. ಚಾಪು ಎಂಬ ಮೃದಂಗದ ತೀಕ್ಷ್ಣ ಪೆಟ್ಟಿನ ಕಥೆಯೇ ಬೇರೆ: ಎಂಪಿ3 ಒಮ್ಮೆಗೆ 576 ಸ್ಯಾಂಪಲ್‌ಗಳನ್ನು, ಅಂದರೆ 44.1 ಕಿಲೋಹರ್ಟ್ಸ್‌ನಲ್ಲಿ ಸುಮಾರು 13 ಮಿಲಿಸೆಕೆಂಡಿನ ಧ್ವನಿಯನ್ನು, ಸಂಸ್ಕರಿಸುವಾಗ ಕ್ವಾಂಟೈಸೇಶನ್ ಶಬ್ದವು (ಧ್ವನಿಯ ಮೌಲ್ಯಗಳನ್ನು ಸ್ಥೂಲವಾಗಿ ಅಂದಾಜಿಸುವುದರಿಂದ ಹುಟ್ಟುವ ಶಬ್ದ) ಪೆಟ್ಟಿನ ಮುಂಚಿನ ನಿಶ್ಶಬ್ದಕ್ಕೂ ಹರಡುತ್ತದೆ. ಪೆಟ್ಟು ತನಗಿಂತ ಮೊದಲಿನ ಶಬ್ದವನ್ನು ಕೆಲವೇ ಮಿಲಿಸೆಕೆಂಡುಗಳ ಮಟ್ಟಿಗೆ ಮಾತ್ರ ಮುಚ್ಚಬಲ್ಲದಾದ್ದರಿಂದ ಉಳಿದದ್ದು 'ಸ್ಸ್' ಎಂಬ ಮುನ್ನುಡಿಯಂತೆ ಕೇಳುತ್ತದೆ. ಒಮ್ಮೆ ಗುರುತಿಸಿದರೆ ಕಿವಿ ಅದನ್ನು ಬಿಡುವುದಿಲ್ಲ!

ಎಬಿಎಕ್ಸ್ ಪರೀಕ್ಷೆಯಲ್ಲಿ (ಗುಟ್ಟಾಗಿ ನುಡಿಸಿದ ಧ್ವನಿ ಮೂಲವೋ ಎಂಪಿ3ಯೋ ಎಂದು ಕೇಳಿ ಹೇಳುವ ಪರೀಕ್ಷೆ) ಚಾಪಿನ ಭಾಗವನ್ನು 16ರಲ್ಲಿ 13 ಬಾರಿ ಸರಿಯಾಗಿ ಗುರುತಿಸಿದೆ. ಬರಿಯ ಊಹೆಯಿಂದ ಅಷ್ಟು ಅಥವಾ ಹೆಚ್ಚು ಸರಿಯಾಗುವ ಸಂಭವ ಶೇ. 1ರಷ್ಟು. ತಂಬೂರಿಯ ಭಾಗದಲ್ಲಿ 8 ಮಾತ್ರ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಪ್ರಮಾಣೀಕರಿಸಿರುವ, ಧ್ವನಿಯ ಗುಣಮಟ್ಟ ಅಳೆಯುವ ಪೀಕ್ (PEAQ) ವಿಧಾನವು ಶ್ರವಣದ ಮಾದರಿಯನ್ನು ಬಳಸಿ 0ಯಿಂದ (ವ್ಯತ್ಯಾಸ ಕೇಳಿಸದು) ಮೈನಸ್ 4ರವರೆಗೆ (ತೀರಾ ಕಿರಿಕಿರಿ) ಅಂಕ ನೀಡುತ್ತದೆಯಾದರೂ, ಇಡೀ ಕಡತಕ್ಕೆ ಒಂದೇ ಅಂಕ ಬಂದಾಗ ದೋಷ ಎಲ್ಲಿದೆ ಎಂಬುದು ತಿಳಿಯದ ಕಾರಣ ನನಗದು ಹೆಚ್ಚು ನೆರವಾಗಲಿಲ್ಲ.

192 ಕೆಬಿಪಿಎಸ್‌ನಲ್ಲಿ ಅದೇ ಚಾಪನ್ನು 9 ಬಾರಿಯಷ್ಟೇ ಗುರುತಿಸಿದ್ದರಿಂದ, ನನ್ನ ಸಂಗ್ರಹವನ್ನು ಆ ದರದಲ್ಲಿ ಮತ್ತೆ ಮಾಡುತ್ತಿದ್ದೇನೆ, ಮೂಲ ಕಡತಗಳಿಂದಲೇ.