ಪರ್ಸಿ ಖಣಿ ಊರಿಂದ ಗ್ರಹವಿಜ್ಞಾನಕ್ಕ ದಾರಿ ಹ್ಯಾಂಗ?

ಶಹಾಬಾದ್ ಹುಡುಗಿ:
ಎಲ್ಲರಿಗೂ ನಮಸ್ಕಾರ್ರೀ. ಈ ವರ್ಷ ಕಲಬುರಗಿಯೊಳಗ ಪಿಯುಸಿ ಸೈನ್ಸ್ ಮುಗಿಸೀನಿ. ಗಣಿತದಾಗ 91, ಭೌತಶಾಸ್ತ್ರದಾಗ 84. ಎಂಟನೇತ್ತ ಇದ್ದಾಗ ಸಾಲಿಯಿಂದ ಜಿಲ್ಲಾ ವಿಜ್ಞಾನ ಕೇಂದ್ರಕ್ಕ ಕರಕೊಂಡು ಹೋಗಿದ್ರು. ತಾರಾಲಯದ ಕತ್ತಲ್ಯಾಗ ಶನಿಯ ಉಂಗುರ ಮೂಡಿ ಬಂದಾಗ ಮಗ್ಗಲದಾಗ ಕುಂತ ಗೆಳತಿ ಕೈ ಗಟ್ಟಿ ಹಿಡದಿದ್ದೆ. ಅವತ್ತಿಂದ ತಲ್ಯಾಗ ಅದೊಂದೇ ಅದ. ನಕ್ಷತ್ರ ಅಲ್ಲ, ಗೆಲಾಕ್ಸಿ ಅಲ್ಲ. ಚಂದ್ರ, ಮಂಗಳ, ಕಾಲಿಡ್ಲಾಕ ನೆಲ ಇರುವಂಥವು.

ಅಪ್ಪ ಪರ್ಸಿ (ನೆಲಕ್ಕ ಹಾಸೋ ಕಲ್ಲು) ಖಣಿಯೊಳಗ ದುಡೀತಾನ. "ಬಿಎಸ್ಸಿ, ಬಿಎಡ್ ಮಾಡು, ನೌಕರಿ ಸಿಗ್ತದ" ಅಂತಾನ. ನನ್ನ ಆಸೆಗೆ ಬ್ಯಾಡ ಅನ್ನಂಗಿಲ್ಲ, ಆದ್ರ "ಅದಕ್ಕ ಯಾವ ಕಾಲೇಜು?" ಅಂತ ಕೇಳಿದ್ರ ನನ್ನ ಹಂತ್ಯಾಕ ಉತ್ತರ ಇಲ್ಲ. ಗ್ರಹವಿಜ್ಞಾನ ಅನ್ನೋ ಡಿಗ್ರಿ ಇಲ್ಲಿ ಎಲ್ಲೂ ಕಾಣವಲ್ದು. ಭೌತಶಾಸ್ತ್ರ ತೊಗೊಳ್ಳೋದೋ, ಭೂವಿಜ್ಞಾನವೋ? ಹತ್ತನೇತ್ತನ ತನಕ ಕನ್ನಡ ಮಾಧ್ಯಮದಾಗ ಓದೀನಿ, ಅದೂ ಒಂದು ಅಂಜಿಕಿ.

ಬೀದರ್ ಕೆಂಪುಕಲ್ಲು:
ತಂಗಿ, ಆ ಹೆಸರಿನ ಡಿಗ್ರಿ ಹುಡುಕ್ಬ್ಯಾಡ. ಭೌತಶಾಸ್ತ್ರ, ಭೂವಿಜ್ಞಾನ ಇಲ್ಲಾ ರಸಾಯನಶಾಸ್ತ್ರದಾಗ ಎಂಎಸ್ಸಿ ಮಾಡಿ, ಪಿಎಚ್‌ಡಿಗೆ ಗ್ರಹಗಳ ಕಡೆ ಹೊಳ್ಳೋದೇ ನಮ್ಮಲ್ಲಿ ರೂಢಿ. ಅಹ್ಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಾಗ ಇದಕ್ಕಂತನೇ ಒಂದು ವಿಭಾಗ ಅದ.

ನಾ ಭೂವಿಜ್ಞಾನ ಓದಿದಾಕಿ, ಅದಕ್ಕ ಕಲ್ಲಿನ ಕಡೆಯಿಂದ ಹೇಳ್ತೀನಿ. ನಿಮ್ಮ ಸೀಮಿ ನೋಡು. ಎಲ್ಲಕ್ಕಿಂತ ಕೆಳಗ ಗ್ರಾನೈಟ್, ಅದರ ಮ್ಯಾಲ ಸಮುದ್ರದ ತಳದಾಗ ಪದರ ಪದರಾಗಿ ಕುಂತ ಸುಣ್ಣದಕಲ್ಲು (ಅದೇ ನಿಮ್ಮ ಪರ್ಸಿ), ಉತ್ತರಕ್ಕ ಬಂದಂಗ ಅದರ ಮ್ಯಾಲ ಸುಮಾರು 6.6 ಕೋಟಿ ವರ್ಷದ ಹಿಂದ ಹರದ ಲಾವಾ. ಮ್ಯಾಲಿಂದು ಹೊಸಾದು, ಕೆಳಗಿಂದು ಹಳೇದು. ಚಂದ್ರನ ನೆಲದ ವಯಸ್ಸೂ ಹಿಂಗೇ ಓದ್ತಾರ: ಉಲ್ಕೆ ಬಡದು ಆದ ಯಾವ ಕುಳಿಯ ಪುಡಿ ಯಾವುದರ ಮ್ಯಾಲ ಬಿದ್ದದ, ಎಲ್ಲಿ ಕುಳಿ ಹೆಚ್ಚು ಅವ ಅಂತ (ಕುಳಿ ಹೆಚ್ಚಿದ್ದಷ್ಟು ನೆಲ ಹಳೇದು).

ಎಂಎಸ್ಸಿಯೊಳಗ ನಮ್ಮ ಕರಿಕಲ್ಲು (ಆ ಲಾವಾ ಆರಿ ಆದ ಕಲ್ಲು) 0.03 ಮಿ.ಮೀ. ದಪ್ಪಕ್ಕ ತೇದು ಸೂಕ್ಷ್ಮದರ್ಶಕದ ಕೆಳಗ ಇಟ್ಟಾಗ ಕಂಡದ್ದು ಪ್ಲಾಜಿಯೋಕ್ಲೇಸ್, ಪೈರಾಕ್ಸೀನ್. ಚಂದ್ರನ ಮ್ಯಾಲಿನ ಕಪ್ಪು ಬಯಲಿನ್ಯಾಗೂ ಮುಖ್ಯ ಖನಿಜ ಇವೇ. ಫರಕ್ ಅಂದ್ರ ನೀರು. ನಮ್ಮ ಕರಿಕಲ್ಲಿಗೆ ಮಳಿ ಹತ್ತಿ ಹತ್ತಿ ಬೀದರ್ ಕೋಟೆಯ ಕೆಂಪುಕಲ್ಲು ಆಗ್ಯದ. ಚಂದ್ರನ ಮ್ಯಾಲ ಅದು ಎಂದೂ ಆಗಂಗಿಲ್ಲ.

ಯಾದಗಿರಿ ಮೇಷ್ಟ್ರು:
ಅಕ್ಕಾವ್ರು ಹೇಳಿದ್ದು ಸರಿ, ಆದರೆ ಗಣಿತದಲ್ಲಿ 91 ಬಂದ ಹುಡುಗಿ ಭೌತಶಾಸ್ತ್ರ ಬಿಡಬಾರದು ಅಂತ ನನ್ನ ಹಟ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತಲ್ಲ, ಅದರ ರೋವರ್ ಪ್ರಗ್ಯಾನ್‌ನಲ್ಲಿ ಅಹ್ಮದಾಬಾದಿನವರೇ ಮಾಡಿದ ಒಂದು ಉಪಕರಣ ಇತ್ತು. ಕ್ಯೂರಿಯಂ ಎಂಬ ವಿಕಿರಣಶೀಲ ಧಾತುವಿನಿಂದ ಹೊರಟ ಆಲ್ಫಾ ಕಣ ಮತ್ತು ಎಕ್ಸ್‌ಕಿರಣ ಮಣ್ಣಿಗೆ ಬಡಿಯುತ್ತವೆ, ಒಂದೊಂದು ಧಾತು ತನ್ನದೇ ಶಕ್ತಿಯ ಎಕ್ಸ್‌ಕಿರಣ ವಾಪಸ್ ಕೊಡುತ್ತದೆ. ಆ ಶಕ್ತಿ ಧಾತುವಿನ ಪರಮಾಣು ಸಂಖ್ಯೆಯ ಮೇಲೆ ನಿಂತಿದೆ ಎಂಬ ನಿಯಮ 1913ರಲ್ಲಿ ಭೌತವಿಜ್ಞಾನಿ ಮೋಸ್ಲೆ ಕಂಡುಹಿಡಿದದ್ದು, ಡಿಗ್ರಿಯಲ್ಲಿ ಪಾಠ ಮಾಡುತ್ತೇವೆ. ಪಾಠ ಮಾಡುವಾಗೆಲ್ಲ ಈಗ ಪ್ರಗ್ಯಾನ್ ಕಣ್ಣ ಮುಂದೆ ಬರುತ್ತದೆ.

ಹಾಗಾಗಿ ಡಿಗ್ರಿಗೆ ಭೌತಶಾಸ್ತ್ರ, ಗಣಿತ, ಭೂವಿಜ್ಞಾನ ಮೂರೂ ಒಟ್ಟಿಗೆ ಸಿಗುವ ಕಾಲೇಜು ಮೊದಲು ಹುಡುಕು. ಡಿಗ್ರಿಯಲ್ಲಿ ಭೂವಿಜ್ಞಾನ ಇಲ್ಲದವರಿಗೆ ಅದರ ಎಂಎಸ್ಸಿ ಸೀಟು ಸಿಗುವುದು ಕಷ್ಟ. ಮೂರೂ ಇದ್ದರೆ ಎರಡೂ ಬಾಗಿಲು ತೆರೆದಿರುತ್ತವೆ. ಮುಂದೆ ಎಂಎಸ್ಸಿ ಪ್ರವೇಶಕ್ಕೆ ಐಐಟಿಗಳಿಗಾದರೆ ಜ್ಯಾಮ್ ಪರೀಕ್ಷೆ, ಇಲ್ಲೇ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕಾದರೆ ಸಿಯುಇಟಿ ಪರೀಕ್ಷೆ. ಕನ್ನಡ ಮಾಧ್ಯಮದ ಅಂಜಿಕೆ ಮೊದಲ ವರ್ಷದ್ದು ಅಷ್ಟೇ. ನಾನೂ ಅಲ್ಲಿಂದಲೇ ಬಂದವನು. ಪಾಠ ಕನ್ನಡದಲ್ಲಿ ಅರ್ಥ ಮಾಡಿಕೊಂಡು, ರಾತ್ರಿ ಇಂಗ್ಲಿಷಿನಲ್ಲಿ ಬರೆದು ನೋಡುತ್ತಿದ್ದೆ.

ಶಹಾಬಾದ್ ಹುಡುಗಿ:
ಅಕ್ಕಾ, ಸರ್, ಇಬ್ಬರದೂ ಅಪ್ಪಗ ಓದಿ ತೋರಿಸ್ದೆ. ಪದರದ ಮಾತು ಬಂದಾಗ ಎದ್ದು ಕುಂತ. ಖಣಿಯೊಳಗ ಉಳಿ ಹಚ್ಚಿದ್ರ ಪರ್ಸಿ ಹಾಳಿ ಹಾಳಿ ಬಿಚ್ಚಿಕೊಳ್ತದಲ್ಲ, "ಚಂದ್ರನ ಕಲ್ಲೂ ಹಾಂಗೇ ಬಿಡ್ತದೇನು ಕೇಳು" ಅಂದ. ನಾಳೆ ಕಾಲೇಜಿಗೆ ನನ್ನ ಸಂಗಟ ತಾನೂ ಬರ್ತಾನಂತ.

ಬೀದರ್ ಕೆಂಪುಕಲ್ಲು:
ಬಿಡಂಗಿಲ್ಲ ಅಂತ ಹೇಳು ಅಪ್ಪಗ. ಪರ್ಸಿ ಬಿಚ್ಚೋದು ನೀರಿನ್ಯಾಗ ಪದರ ಕುಂತದ್ದಕ್ಕ. ಪ್ರಗ್ಯಾನ್ ಓಡಾಡಿದ ಎತ್ತರದ ನೆಲದ ಕಲ್ಲು ಬ್ಯಾರೆ. ಚಂದ್ರ ಹುಟ್ಟಿದ ಹೊಸದ್ರಾಗ ಅಲ್ಲಿ ಕರಗಿದ ಕಲ್ಲಿನ ಸಮುದ್ರ ಇತ್ತು, ಹಗುರ ಬಿಳಿ ಹರಳು ಅದರ ಮ್ಯಾಲ ತೇಲಿ ಬಂದು ಹೆಪ್ಪುಗಟ್ಟಿದ್ವು. ಆಮ್ಯಾಲ ಉಲ್ಕೆ ಬಡದು ಬಡದು ಮ್ಯಾಲಿಂದೆಲ್ಲ ಪುಡಿ ಆಗ್ಯದ. ಉಳಿ ಹಚ್ಚಿದ್ರ ಹಾಳಿ ಏಳಂಗಿಲ್ಲ, ಸೊಟ್ಟ ತುಂಡು ಬೀಳ್ತಾವ. ನಿಮ್ಮಪ್ಪ ಕೇಳಿದ್ದು ಭಾಳ ಛಲೋ ಪ್ರಶ್ನೆ.